ಪುಸ್ತಕದಲ್ಲಿ ಇಲ್ಲದ್ದು

ಮೊನ್ನೆ ಮೆಹದಿಪಟ್ಟಣಂ ಬಸ್ ನಿಲ್ದಾಣದ ಹೊರಗೆ ತಳ್ಳುಗಾಡಿಯವನೊಬ್ಬ ಶೇಂಗಾ ಹುರಿಯುತ್ತಿದ್ದ. ಮಾತಿನ ಭರದಲ್ಲಿ ಕೈಯಾಡಿಸುವುದನ್ನು ಮರೆತನೇನೋ, ಸಿಪ್ಪೆ ಸೀದ ವಾಸನೆ ಬಂತು. ನಾನು ಹತ್ತಬೇಕಿದ್ದ ಬಸ್ಸು ಬಂತು, ಹೋಯಿತು. ನಾನು ಹುಡುಗಿಯಾಗಿದ್ದಾಗ ಕಾಕು ಚಟ್ನಿಹಿಂಡಿ ಕುಟ್ಟಲೆಂದು ಶೇಂಗಾ ಹುರಿಯುವಾಗ, ನಾನು ಓದುವ ಕತೆ ಕೇಳುತ್ತ ಕೇಳುತ್ತ ಅವರ ಕೈ ನಿಂತು, ಬಾಣಲೆಯಿಂದ ಏಳುತ್ತಿದ್ದದ್ದು ಇದೇ ವಾಸನೆ...

ಕಾಕು ಅಂತ, ಅಂದರೆ ಚಿಕ್ಕಮ್ಮ ಅಂತ, ಕರೆಯುತ್ತಿದ್ದರೂ ಅವರು ನಮಗೆ ಸಂಬಂಧಿಯೇನಲ್ಲ. ನಮ್ಮ ಬಾಡಿಗೆ ಮನೆಯ ಮೇಲಿನ ಎರಡು ಕೋಣೆಗಳಲ್ಲಿ ಅತ್ತೆಯೊಂದಿಗೆ ಇದ್ದರು. ಮದುವೆಯಾದ ಮೂರೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ. ಅವನ ಕೆಲಸ ಇವರಿಗೆ ಸಿಕ್ಕು, ಬೇಗಂಪೇಟೆಯ ಒಂದು ಆಫೀಸಿಗೆ ದಿನಾ ಹೋಗಿ ಬರುತ್ತಿದ್ದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ ಎಂಬುದು ಈಗ ಲೆಕ್ಕ ಹಾಕಿದರೆ ತಿಳಿಯುತ್ತದೆ. ಹದಿನಾಲ್ಕು ವರ್ಷದ ನನ್ನ ಕಣ್ಣಿಗೆ ಅವರೂ ದೊಡ್ಡವರಲ್ಲಿ ಒಬ್ಬರಾಗಿದ್ದರು, ಅಷ್ಟೇ.

ಕಾಕು ಹುಟ್ಟಿ ಬೆಳೆದದ್ದು ಹೈದರಾಬಾದಿನಲ್ಲೇ. ಮನೆಮಾತು ಕನ್ನಡ, ಶಾಲೆಯಲ್ಲಿ ಓದಿದ್ದೆಲ್ಲ ತೆಲುಗು. ಕನ್ನಡ ಓದಲು ತಮಗೆ ಬರುವುದಿಲ್ಲವೆಂದು ಅವರು ನಂಬಿದ್ದರು, ನಾವೂ ನಂಬಿದ್ದೆವು. ನಾನು ನಾಲ್ಕನೆಯ ಇಯತ್ತೆವರೆಗೆ ಕಲಬುರ್ಗಿಯ ಅಜ್ಜಿಯ ಮನೆಯಲ್ಲಿ ಕಲಿತವಳು. ಹಾಳೂರಿಗೆ ಉಳಿದವನೇ ಗೌಡ ಅನ್ನುವಂತೆ ಆ ಓಣಿಗೆಲ್ಲ ನಾನೇ ಕನ್ನಡ ಪಂಡಿತೆ. ಅಪ್ಪ ಕನ್ನಡ ಸಂಘದ ಲೈಬ್ರರಿಯಿಂದ ಕಾದಂಬರಿ ತರುತ್ತಿದ್ದರು, ರವಿವಾರ ಮಧ್ಯಾಹ್ನ ನಾನು ಮೇಲೆ ಹೋಗಿ ಕಾಕುಗೆ ಓದಿ ಹೇಳುತ್ತಿದ್ದೆ.

ಅವರು ಕತೆ ಕೇಳುವ ರೀತಿಯೇ ಬೇರೆ. ಸೊಸೆಗೆ ಬರೆ ಹಾಕಿದ ಅತ್ತೆಯನ್ನು ನಾನು ಬಯ್ದರೆ, ತಡೆ, ಅವಳಿಗೂ ಒಂದು ಮಾತು ಇರುತ್ತದೆ, ಅದು ಎಲ್ಲಿದೆ ನೋಡು ಅನ್ನುತ್ತಿದ್ದರು. ಬಾವಿಯಿಂದ ನೀರು ಸೇದಗೊಡದವರ ಕತೆ ಓದಿದ ದಿನ, ನಾವು ಇದರಲ್ಲಿ ಯಾರ ಪೈಕಿ ಎಂದು ಕೇಳಿದ್ದರು. ಶಾಲೆಯಲ್ಲಿ ಅಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ಆ ಕಾದಂಬರಿ ಬಂತು. ಒಬ್ಬ ವಿಧವೆ ಶಿಕ್ಷಕಿ, ಅವಳನ್ನು ಮದುವೆಯಾಗಲು ಬಯಸುವ ಒಬ್ಬ ವಿಧುರ, ನಡುವೆ ಇಡೀ ಊರು. ನಾಲ್ಕು ರವಿವಾರ ಓದಿದೆ. ಅದೇ ದಿನಗಳಲ್ಲಿ ಕಾಕುವಿನ ಆಫೀಸಿನಲ್ಲೂ ಹೆಂಡತಿ ಸತ್ತವರೊಬ್ಬರು ಇವರನ್ನು ಮದುವೆಗೆ ಕೇಳಿದ್ದರು. ಅದು ನನಗೆ ಗೊತ್ತಿರಲಿಲ್ಲ. ಕಾಕುವಿನ ಅತ್ತೆ ನಮ್ಮ ಅವ್ವನ ಮುಂದೆ ಅತ್ತು ಹೋಗಿದ್ದರಿಂದ ಅವ್ವನಿಗೆ ಗೊತ್ತಿತ್ತು. ಕಡೆಯ ಅಧ್ಯಾಯ ಉಳಿದಿದ್ದ ರವಿವಾರ ನಾನು ಪುಸ್ತಕ ಹಿಡಿದು ಮೆಟ್ಟಿಲು ಹತ್ತುವಾಗ ಅವ್ವ ಅಡುಗೆಮನೆಗೆ ಕರೆದು, ಕೊನೆಗೆ ಏನಾಗುತ್ತದೆಂದು ಕೇಳಿದಳು. ಮೊದಲೇ ಓದಿ ಮುಗಿಸಿದ್ದ ನಾನು, ಶಿಕ್ಷಕಿ ಮದುವೆಯಾಗಿ ಅವನೊಂದಿಗೆ ಹೋಗುತ್ತಾಳೆ ಅಂದೆ.

"ಹಂಗ ಓದಬ್ಯಾಡ. ಅಕಿ ಒಲ್ಲೆ ಅಂದ್ಲು ಅಂತ ಓದು. ಮ್ಯಾಲಿನ ಮುದುಕಿ ಒಬ್ಬಾಕಿನ ಆಗತಾಳ," ಅಂದಳು ಅವ್ವ.

ನಾನು ಯಾಕೆಂದು ಕೇಳಬಹುದಿತ್ತು. ಕೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹುರುಪೇ ಬಂದಿತ್ತು, ಕತೆ ಕಟ್ಟುವ ಹುರುಪು. ಹತ್ತು ಪುಟಗಳನ್ನು ತೆರೆದಿಟ್ಟುಕೊಂಡು, ಅಲ್ಲಿಲ್ಲದ್ದನ್ನು ದೊಡ್ಡ ದನಿಯಲ್ಲಿ ಓದಿದೆ. ಶಿಕ್ಷಕಿ ಒಲ್ಲೆ ಅಂದಳು, ಅವನು ಹೊರಟು ಹೋದ, ಅವಳು ಮಕ್ಕಳಿಗೆ ಪಾಠ ಹೇಳುತ್ತ ಉಳಿದಳು. ನನ್ನ ಕಣ್ಣಲ್ಲೇ ನೀರು ಬಂತು. ಕಾಕು ಅಳಲಿಲ್ಲ. ಪುಸ್ತಕ ಇಲ್ಲೇ ಇರಲಿ, ನಾಲ್ಕು ದಿನ ಬಿಟ್ಟು ಕೊಡುತ್ತೇನೆ ಅಂದರು.

ಮರುದಿನವೇ ಅವರು ಆಫೀಸಿನಲ್ಲಿ ಆ ಮನುಷ್ಯನಿಗೆ ಆಗುವುದಿಲ್ಲ ಎಂದುಬಿಟ್ಟರಂತೆ. ಆತ ವರಂಗಲ್ಲಿಗೆ ವರ್ಗ ಮಾಡಿಸಿಕೊಂಡು ಹೋದ. ಇದೂ ನನಗೆ ತಿಳಿದದ್ದು ವರ್ಷಗಳ ಮೇಲೆ.

ತಿಂಗಳ ನಂತರ ಕಾಕು ನನ್ನನ್ನು ಮೇಲೆ ಕರೆದರು. ಪುಸ್ತಕದ ಕಡೆಯ ಅಧ್ಯಾಯ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಕೆಲವು ಅಕ್ಷರಗಳ ತಲೆಯ ಮೇಲೆ ಪೆನ್ಸಿಲಿನಲ್ಲಿ ಸಣ್ಣಗೆ ತೆಲುಗಿನ ಅಕ್ಷರ ಬರೆದಿತ್ತು. ಕ, ತ, ಶ... ಅಂಥ ನಾಲ್ಕೈದನ್ನು ಗುರುತು ಮಾಡಿಕೊಂಡರೆ ಉಳಿದವು ತೆಲುಗು ಬಲ್ಲವರಿಗೆ ತಾವಾಗಿಯೇ ಕಾಣುತ್ತವೆ. ಅಷ್ಟು ವರ್ಷ ಅದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ, ಅವರ ತಲೆಗೂ.

"ಅಕಿ ಯಾಕ ಒಲ್ಲೆ ಅಂದ್ಲು ಅನ್ನೂದು ತಿಳೀಲಿಲ್ಲ ನನಗ. ಕಾರಣ ಇದರಾಗ ಇರತೈತಿ ಅಂತ ಒಂದೊಂದ ಅಕ್ಷರ ಕೂಡಿಸಿ ಓದಿದೆ," ಅಂದರು. ಆಮೇಲೆ ಕಡೆಯ ಸಾಲಿನ ಮೇಲೆ ಬೆರಳಿಟ್ಟು, "ಅಕಿ ಹೋಗ್ಯಾಳ, ತಾಯಿ. ಪುಸ್ತಕದಾಗ ಅಕಿ ಹೋಗ್ಯಾಳ."

ಅವರು ಬಯ್ಯಲಿಲ್ಲ. ಯಾರು ಹೀಗೆ ಓದಲು ಹೇಳಿದರೆಂದೂ ಕೇಳಲಿಲ್ಲ. ನಾನು ಅಳುತ್ತ ಕೆಳಗೆ ಓಡಿದೆ. ಮುಂದಿನ ರವಿವಾರ ಮತ್ತೆ ಕರೆದರು, ಹೋದೆ. ಆದರೆ ಅವರು ಒಲೆಯ ಮುಂದೆ ಕೂಡಲಿಲ್ಲ. ನನ್ನ ಪಕ್ಕಕ್ಕೇ ಬಂದು ಕೂತರು, ನಾನು ಓದಿದ ಪ್ರತಿ ಸಾಲಿನ ಮೇಲೂ ಅವರ ಕಣ್ಣು ನನ್ನ ಜೊತೆಗೇ ಸಾಗುತ್ತಿತ್ತು. ಎರಡು ರವಿವಾರ ಹೇಗೋ ತಡೆದುಕೊಂಡೆ. ಆಮೇಲೆ ಪರೀಕ್ಷೆ ಇದೆ ಎಂದು ಬಿಟ್ಟುಬಿಟ್ಟೆ. ಮುಂದೆ ನಾವು ಆ ಮನೆಯನ್ನೇ ಬಿಟ್ಟೆವು.

ಎಷ್ಟೋ ಸಲ ಹೋಗಿ ಕೇಳಬೇಕೆಂದುಕೊಂಡೆ... ನಾನು ಸರಿಯಾಗಿ ಓದಿದ್ದರೆ ನೀವು ಹೋಗುತ್ತಿದ್ದಿರಾ ಅಂತ. ಧೈರ್ಯ ಸಾಲಲಿಲ್ಲ. ಕಾಕು ಅತ್ತೆಯ ಕೊನೆಯವರೆಗೂ ಚಾಕರಿ ಮಾಡಿ, ರಿಟೈರಾಗಿ, ಅದೇ ಎರಡು ಕೋಣೆಗಳಲ್ಲಿ ಒಬ್ಬರೇ ಇದ್ದು, ಎರಡು ವರ್ಷದ ಹಿಂದೆ ತೀರಿಕೊಂಡರು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ದಿನಕರ್ಮವೂ ಮುಗಿದಿತ್ತು.

ಬಸ್ಸು ತಪ್ಪಿಸಿಕೊಂಡು ಮನೆಗೆ ತಡವಾಗಿ ಬಂದವಳನ್ನು ಅವ್ವ ಯಾಕೆಂದು ಕೇಳಿದಳು. ಅವಳಿಗೀಗ ಎಂಬತ್ತು ದಾಟಿದೆ. ಕಾಕು ನೆನಪಾದರು ಅಂದೆ. "ಭಾಳ ಛಲೋ ಇದ್ಲು. ಎಷ್ಟ ಸಮಾಧಾನಲೆ ಇದ್ದು ಹೋದ್ಲು, ಹೌದಿಲ್ಲೋ?" ಅಂದಳು. ಅಂದು, ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡಿದಳು.

ಹೌದವ್ವ, ಸಮಾಧಾನದಿಂದಲೇ ಇದ್ದರು ಅಂದೆ. ಮೊನ್ನೆಯೂ ನಾನು ಅವ್ವ ಹೇಳಿದ ಹಾಗೆಯೇ ಓದಿದೆ.