ಸುಂಕಮ್ಮ ಒಡೆದ ಮೂರು ಹರವಿ

ಕುರುಗೋಡಿನ ಕುಂಬಾರ ಓಣಿಯಲ್ಲಿ ಇನ್ನೂ ಮಬ್ಬುಗತ್ತಲೆ. ಸುಂಕಮ್ಮ ಆವಿಗೆಯ ಮೇಲಿನ ಬೂದಿಯನ್ನು ಬರಿಗೈಯಲ್ಲಿ ಸರಿಸುತ್ತಿದ್ದಾರೆ. ಪತ್ರಿಕೆಗೆ ಬರೆಯಲೆಂದು ಬಂದು ದೂರ ನಿಂತ ನನಗೇ ಮುಖ ಸುಡುತ್ತಿದೆ, ಈ ಹೆಂಗಸಿಗೆ ಏನೂ ಅನ್ನಿಸಿದಂತಿಲ್ಲ. ಓಣಿಗೆಲ್ಲ ಸೇರಿ ಗಡಿಗೆ ಸುಡುವ ಆವಿಗೆ ಇದೊಂದೇ. ಎಲ್ಲ ಮನೆಯವರೂ ಬಂದು ನಿಂತ ಮೇಲೆಯೇ ತೆರೆಯಬೇಕು.

"ಅಯ್ಯಯ್ಯೋ, ಕೆಟ್ಟೆನಲ್ಲೋ!"

ಕೂಗಿದ್ದು ಪಕ್ಕೀರಪ್ಪ. ಬಾದನಹಟ್ಟಿಯ ಮದುವೆಗೆಂದು ಅವರು ಮಾಡಿದ್ದ ಐರಾಣಿ ಗಡಿಗೆಗಳಲ್ಲಿ, ಎಂದರೆ ಹಂದರದಡಿ ಪೂಜೆಗಿಡುವ ಗಡಿಗೆಗಳಲ್ಲಿ, ಮೂರು ನುಚ್ಚುನೂರಾಗಿವೆ. ಮದುವೆಯ ಗಡಿಗೆ ಒಡೆಯುವುದೆಂದರೆ ಆಟವೇ?

"ನಾ ಬಾಯಿ ಬಡ್ಕೊಂಡೆ. ಹೆಂಗಸು ತಿಗರಿ ಮುಟ್ಟಿದ್ರ ಆವಿಗಿ ತಡ್ಕೊಳ್ಳಂಗಿಲ್ಲ ಅಂದೆ. ಯಾರರ ಕೇಳಿದ್ರ್ಯಾ?" ಎಂದು ಪಕ್ಕೀರಪ್ಪ ಸುತ್ತ ನಿಂತವರನ್ನು ದಬಾಯಿಸುತ್ತಾರೆ. ಎಲ್ಲರ ಕಣ್ಣೂ ಸುಂಕಮ್ಮನ ಮೇಲೆ.

ಗಡಿಗೆಯನ್ನು ಬಡಿದು ಹಿಗ್ಗಿಸುವುದು, ಕೆಮ್ಮಣ್ಣು ಬಳಿಯುವುದು ಹೆಂಗಸರ ಕೆಲಸ, ತಿಗರಿ, ಎಂದರೆ ಗಡಿಗೆ ಮಾಡುವ ಚಕ್ರ, ಗಂಡಸರದ್ದು. ಇದು ಅಜ್ಜ ಮುತ್ತಜ್ಜರ ಕಾಲದಿಂದ ಬಂದ ಕಟ್ಟುಪಾಡು. ಸುಂಕಮ್ಮನ ಗಂಡ ಹುಲುಗಪ್ಪ ತೀರಿಕೊಂಡ ಮೇಲೆ ಅವರ ತಿಗರಿ, ಓಣಿಯವರೆಲ್ಲ ಕೂತು ಕೆಲಸ ಮಾಡುವ ಚಪ್ಪರದ ಮೂಲೆಯಲ್ಲಿ ಮಕಾಡೆ ಬಿದ್ದಿತ್ತು. ಸುಂಕಮ್ಮ ಓಣಿಯ ಹಿರಿಯ ಓಬಣ್ಣನವರ ಬಳಿ ಹೋಗಿ, ನಾನು ತಿರುಗಿಸುತ್ತೇನೆ ಎಂದರು. ಓಣಿಗೆ ಓಣಿಯೇ ಬೆಚ್ಚಿಬಿತ್ತು. ಓಬಣ್ಣ ಅವರನ್ನು ಒಂದು ಬೇಸಿಗೆ ಪೂರ್ತಿ ಕಾಯಿಸಿ, ಕೊನೆಗೆ ಹೇಳಿದ್ದು ಇಷ್ಟೇ: "ಕೂಡು. ಚಪ್ಪರದ ಮರ್ಯಾದಿ ತಪ್ಪಿದ್ರ ಮಾತ್ರ ಏಳಬೇಕಾಗ್ತೈತಿ ನೋಡವ್ವ."

ಆ ಮರ್ಯಾದೆಯನ್ನು ಕೇಳಬೇಕು ನೀವು! ಇನ್ನೊಬ್ಬರ ಹಸಿ ಗಡಿಗೆ ದಾಟುವಂತಿಲ್ಲ. ಪಕ್ಕದವನು ಊರಲ್ಲಿ ಇಲ್ಲದಿದ್ದರೆ ಅವನ ಮಣ್ಣಿಗೆ ನೀವೇ ಒದ್ದೆ ಗೋಣಿ ಹೊದಿಸಬೇಕು. ತಿಗರಿ ತೊಳೆಯದೆ ಏಳುವಂತಿಲ್ಲ. ಈ ಜಿಲ್ಲೆ ಮೈಸೂರಿಗೆ ಸೇರಬೇಕೋ ಆಂಧ್ರಕ್ಕೋ ಎಂದು ಬಳ್ಳಾರಿ ಪೇಟೆಯಲ್ಲಿ ದಿನವೂ ತೋಳೇರಿಸುವ ನಮ್ಮ ಮಂದಿ ಒಂದು ಬೆಳಿಗ್ಗೆ ಇಲ್ಲಿ ಬಂದು ಕೂತರೆ ಒಳ್ಳೆಯದು. ಇನ್ನೊಂದು ಕಟ್ಟನ್ನು ಮಾತ್ರ ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಸುಂಕಮ್ಮ ಬೂದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಚೂರುಗಳನ್ನು ಒಂದೊಂದಾಗಿ ತಿರುವಿ ನೋಡುತ್ತಾರೆ. ದಪ್ಪನೆಯದೊಂದು ಕೈಗೆ ಸಿಕ್ಕಾಗ ಸೆರಗಿನಿಂದ ಒರೆಸುತ್ತಾರೆ. ಅಂಚಿನಲ್ಲಿ ಜೋಡಿ ಉಗುರಿನ ಗೀರು. ಅದು ಅವರದೇ ಮನೆಯ ಗುರುತು. ಅಷ್ಟು ಚೂರುಗಳ ನಡುವೆ ಅದನ್ನು ಬೇರೆ ಯಾರೂ ಕಂಡಿರಲಿಲ್ಲ. ಬೂದಿಗೆ ತಳ್ಳಿದ್ದರೆ ಮುಗಿದೇ ಹೋಗುತ್ತಿತ್ತು. ಮುಚ್ಚಿಡಮ್ಮ ತಾಯಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ!

ಅವರು ಎದ್ದು ನಿಂತು ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ನಂದೇ ಇದು. ಹರವಿ ತಳ ದಪ್ಪ ಇತ್ತು, ಮೋಡ ಮುಚ್ಚಿತ್ತು, ಒಣಗೈತಿ ಅನ್ಕೊಂಡು ಇಟ್ಟೆ. ಒಳಗ ಹಸಿ ಇತ್ತು. ಬೆಂಕಿಗೆ ಸಿಡದು ಪಕ್ಕೀರಪ್ಪಣ್ಣನ ಗಡಿಗಿಗೆ ಬಡದೈತಿ. ನೋಡ್ರಿ, ಪದರ ಪದರ ಕಿತ್ತೈತಿ."

ಹೀಗೆಂದವರೇ, ಚೆನ್ನಾಗಿ ಸುಟ್ಟು ಕೆಂಪಗೆ ಹೊಳೆಯುತ್ತಿದ್ದ ತಮ್ಮ ಹರವಿಗಳ ಕಡೆ ನಡೆದರು. ಸಿರುಗುಪ್ಪದ ಸಂತೆಗೆ ಹೋಗಬೇಕಾದ, ಎರಡು ತೋಳು ತುಂಬುವಷ್ಟು ದೊಡ್ಡ ನೀರಿನ ಹರವಿಗಳು ಅವು. ಒಂದನ್ನು ಎದೆಯ ಮಟ್ಟ ಎತ್ತಿ ಕಲ್ಲಿನ ಮೇಲೆ ಹಾಕಿದರು. ನಾನು "ಏ, ಏ!" ಎಂದು ಓಡುವಷ್ಟರಲ್ಲಿ ಇನ್ನೊಂದು ಹೋಯಿತು. ಮೂರನೆಯದೂ ಹೋಯಿತು! ಹುಚ್ಚು ಹಿಡಿಯಿತೇ ಈ ಹೆಂಗಸಿಗೆ?

ಓಬಣ್ಣ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. "ಸುಮ್ನಿರ್ರಿ ಸಾಮಿ. ನಮ್ಮ ಮಣ್ಣಿನ ತಪ್ಪಿಗಿ ಮಂದಿದು ಒಡದ್ರ, ಅಷ್ಟು ನಮ್ವು ನಾವ ಒಡೀಬೇಕು. ಬ್ಯಾರೆಯವ್ರು ಕೇಳಂಗಿಲ್ಲ, ಬೊಟ್ಟು ಮಾಡಂಗಿಲ್ಲ."

"ಬದಲು ಕೊಟ್ಟರೆ ಸಾಲದೇ?" ನನಗೆ ಸಿಟ್ಟೇ ಬಂದಿತ್ತು.

"ಬದಲು ಕೊಡೋದಂತೂ ಐತಿ. ಇದು ಬ್ಯಾರೆ. ಆವಿಗಿ ಎಲ್ಲಾರದೂ ಹೌದಲ್ರಿ, ಸಂಕಟಾನೂ ಹಂಚ್ಕೋಬೇಕು."

ಇನ್ನು ಸುಂಕಮ್ಮ ತಿಗರಿ ಬಿಟ್ಟು ಏಳಲೇಬೇಕು ಎಂದು ಯಾರೋ ಗೊಣಗಿದರು. ಓಬಣ್ಣ ಅತ್ತ ತಿರುಗಿದರು. "ಯಾಕ್ಲೇ? ಹೋದ ವರ್ಷ ನಿಂದು ಸಿಡದಾಗ ನಿನ್ನ ಎಬ್ಬಿಸಿದ್ವೇನು? ಮರ್ಯಾದಿ ತಪ್ಪಿದ್ರ ಏಳು ಅಂದಿದ್ದೆ. ಆಕಿ ತಪ್ಪಿಲ್ಲ."

ಗೊಣಗಿದವನು ತಲೆ ತಗ್ಗಿಸಿದ. ಪಕ್ಕೀರಪ್ಪ ಬಹಳ ಹೊತ್ತು ಆ ದಪ್ಪ ಚೂರನ್ನೇ ತಿರುಗಿಸಿ ಮುರುಗಿಸಿ ನೋಡುತ್ತ ನಿಂತಿದ್ದರು. ಆಮೇಲೆ ಮುಖ ಸಿಂಡರಿಸಿಕೊಂಡು ಗದರಿದರು. "ಇಷ್ಟು ದಪ್ಪ ತಳ ಯಾರರ ಬಿಡ್ತಾರೇನವ್ವಾ? ಕಣ್ಣು ಎಲ್ಲಿಟ್ಟಿದ್ದಿ? ಮದುವಿಗಿ ಇನ್ನೂ ದಿನ ಅದಾವು. ಐರಾಣಿ ನೀನ ಮಾಡು. ಈ ಸಲ ಒಲಿ ಮುಂದಿಟ್ಟು ಒಣಗಿಸು!"

"ಹೂನಣ್ಣ," ಎಂದರು ಸುಂಕಮ್ಮ. ಬೈಸಿಕೊಂಡ ಆ ಮುಖ ಅರಳಿತ್ತು!

ಬಿಸಿಲೇರಿದೆ. ಸುಂಕಮ್ಮ ತಿಗರಿಯ ಮುಂದೆ ಕೂತು ಮಣ್ಣಿನ ಮುದ್ದೆಯನ್ನು ಅದರ ನಡುವಿಗೆ ತರುತ್ತಿದ್ದಾರೆ. ಮೂರು ಹರವಿ ಹೋದ ಸಂಕಟ ನನಗಿನ್ನೂ ಆರಿಲ್ಲ. ನಿಮಗೆ ಏನಾಗಬೇಕು ಹೇಳಿ, ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದೆ.

"ನನಗೇನಾಗಬೇಕ್ರಿ ಸಾಮಿ? ಈಗ ಬೈದ್ನಲ್ಲ ಪಕ್ಕೀರಪ್ಪಣ್ಣ, ಹಂಗ ಬೈದ್ರ ಸಾಕು. ಹೆಂಗಸು ಮುಟ್ಟಿದ್ಲು ಅಂದ್ರ ನಾ ಏನು ತಿದ್ಕೊಳ್ಳಲಿ? ತಳ ಹಸಿ ಐತಿ ಅನ್ಲಿ, ಒಣಗಿಸ್ತೀನಿ."