ದುಮ್ಮವಾಡದ ಪರದೆ, ಮುಮತಾಜಳ ಕೈ

ದುಮ್ಮವಾಡದ ಬೆಳೆಗಾರರ ಕಂಪನಿಯ ಕಚೇರಿ ಪಡಸಾಲೆಯಲ್ಲಿ ಒಂದು ದೊಡ್ಡ ಟೀವಿ ಇದೆ. ಅದಕ್ಕೆ ಡಿಶ್ ಇಲ್ಲ. ಒಳಗಿನ ಕೋಣೆಯ ಕಂಪ್ಯೂಟರಿನಿಂದ ಗೋಡೆಗೆ ತೂತು ಕೊರೆದು ವೈರ್ ಎಳೆದಿದ್ದಾರೆ. ಒಳಗೆ ಏನು ಕಾಣುತ್ತದೋ ಹೊರಗೂ ಅದೇ ಕಾಣುತ್ತದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದವರು, ಕಲಘಟಗಿ ಬಸ್ಸಿಗೆ ಕಾಯುವವರು ಅಲ್ಲಿ ಕುಂತು ಗೋವಿನಜೋಳ, ಸೋಯಾಬೀನಿನ ಧಾರಣೆ ನೋಡುತ್ತಾರೆ, ಮಳೆ ಸುದ್ದಿ ಓದುತ್ತಾರೆ. ದಿನಾ ಅದನ್ನು ಬರೆದು ಹಾಕುವವಳು ಮುಮತಾಜ್.

ಅವಳ ತಂದೆ ರಹಿಮಾನಸಾಬರು ಊರೂರು ತಿರುಗಿ ಗಾದಿ ಹೊಲಿಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ತಾಯಿ ಹಲೀಮಾಬಿ ಮತ್ತು ಮುಮತಾಜ್, ಇಬ್ಬರೇ. ಟೀವಿ ಬಂದ ಹೊಸತರಲ್ಲಿ ಕಂಪನಿಯ ಹಿರಿಯರು ಅದರಲ್ಲಿ ತಮ್ಮ ಸಭೆ, ಸನ್ಮಾನಗಳ ಫೋಟೋ ಹಾಕಿಸುತ್ತಿದ್ದರು. 'ಫೋಟೋ ನೋಡಿ ಯಾರ ಹೊಲ ಬೆಳಿತೈತ್ರಿ? ಧಾರಣಿ ಹಾಕೂಣು' ಎಂದು ಹಟ ಹಿಡಿದು ಬದಲಾಯಿಸಿದವಳು ಅವಳು. ಅಂದಿನಿಂದ ಆ ಪರದೆ ತನ್ನದೇ ಎಂದು ಅವಳ ಭಾವನೆ.

ಸೋಯಾಬೀನ್ ಕಟಾವಿಗೆ ಬರುವ ಹೊತ್ತಿನಲ್ಲಿ ಅವಳಿಗೆ ಅಪಘಾತವಾಯಿತು. ಕಲಘಟಗಿಯಿಂದ ಸ್ಕೂಟಿಯಲ್ಲಿ ಬರುವಾಗ ಎಮ್ಮೆಯೊಂದು ಅಡ್ಡ ಬಂತು. ತಪ್ಪಿಸಲು ಹೋಗಿ ಬಿದ್ದಳು, ಬಲಗಾಲಿನ ಎಲುಬು ಮುರಿಯಿತು. ಹುಬ್ಬಳ್ಳಿಯಲ್ಲಿ ರಾಡ್ ಹಾಕಿದ ಡಾಕ್ಟರು, ಕಾಲು ಊರಬೇಡ ಎಂದು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು.

ಕಂಪನಿಯ ಅಧ್ಯಕ್ಷ ಶಂಭುಲಿಂಗಪ್ಪನವರು ಮೋಸಂಬಿ ಹಿಡಿದು ಮನೆಗೆ ಬಂದರು.

'ನೀ ಅಗದಿ ಆರಾಮ ಮಾಡು, ತಂಗಿ. ಅಲ್ಲೀತನಕ ನಮ್ಮಕ್ಕನ ಮಗ ಹೇಮಂತ ಕುಂಡ್ರತಾನ.'

'ಎಲ್ಲೀತನಕರಿ?'

'ನಿನ್ನ ಕಾಲ ನೆಟ್ಟಗ ಆಗೂತನಕ. ಮುಂದ ನೋಡೂಣು.'

ಆ 'ಮುಂದ ನೋಡೂಣು' ಮುಮತಾಜಳಿಗೆ ಮುರಿದ ಎಲುಬಿಗಿಂತ ಹೆಚ್ಚು ಚುಚ್ಚಿತು.

'ಕಾಕಾ, ಮುರದದ್ದು ಕಾಲು. ಕೈ ನೆಟ್ಟಗ ಅದಾವು. ಕಚೇರಿ ಕಂಪ್ಯೂಟರ್ ನಾ ಇಲ್ಲಿಂದನ ನಡಸ್ತೀನಿ.'

ಅಧ್ಯಕ್ಷರು ನಕ್ಕರು, ಆದರೆ ಬೇಡ ಎನ್ನಲಿಲ್ಲ. ಹೇಮಂತ ಕುರ್ಚಿಯಲ್ಲಿ ಇರಲಿ, ಅವಳ ಸಮಾಧಾನಕ್ಕೆ ಅವಳೂ ಮಾಡಲಿ ಎಂದುಕೊಂಡು ಹೋದರು.

ಮರುದಿನ ಬೆಳಿಗ್ಗೆ ಮುಮತಾಜ್ ಹಾಸಿಗೆಯಲ್ಲೇ ದಿಂಬಿಗೆ ಒರಗಿ ತನ್ನ ಹಳೆಯ ಲ್ಯಾಪ್‌ಟಾಪ್ ತೆರೆದಳು. ಕಚೇರಿಯ ಕಸ ಹೊಡೆದು ಚಹಾ ಮಾಡುವ ಗೌರಕ್ಕ ಫೋನಿನಲ್ಲಿದ್ದಳು. ದೂರದಿಂದ ನಡೆಸುವ ತಂತ್ರಾಂಶ ಕಚೇರಿಯ ಕಂಪ್ಯೂಟರಿನಲ್ಲಿ ಮೊದಲೇ ಇತ್ತು. ಗೌರಕ್ಕ ಗುಂಡಿ ಒತ್ತಿ, ಪರದೆಯ ಮೇಲೆ ಬಂದ ನಂಬರು ಒಂದೊಂದೇ ಓದಿ ಹೇಳಿದಳು. ಅದನ್ನು ಹಾಕಿದ ಕೂಡಲೇ ಕಚೇರಿಯ ಪರದೆ ಮುಮತಾಜಳ ಮುಂದೆ ತೆರೆಯಿತು. ಗೌರಕ್ಕ ಪಡಸಾಲೆಗೆ ಬಂದು ನಿಂತಳು. ಮುಮತಾಜ್ ಬೆರಳು ಸರಿಸಿದಳು. ಅಲ್ಲಿ ಪಡಸಾಲೆಯ ಟೀವಿಯಲ್ಲಿ ಮೌಸಿನ ಬಾಣ ಸರಿಯಿತು.

'ಒಳಗ ಯಾರೂ ಇಲ್ಲಲೇ! ತಾನ ಓಡಾಕತ್ತೈತಿ!' ಯಾರೋ ಕೂಗಿದ್ದು ಗೌರಕ್ಕನ ಫೋನಿನಿಂದ ಕೇಳಿಸಿತು.

'ದೆವ್ವಲ್ಲಪಾ, ಮುಮತಾಜ. ಮನಿಯಾಗ ಮಲಕೊಂಡು ಬರಿಯಾಕತ್ತಾಳ' ಎಂದಳು ಗೌರಕ್ಕ.

ಆಗ ಮುಮತಾಜಳಿಗೆ ಒಂದು ವಿಚಿತ್ರ ನಾಚಿಕೆ ಹತ್ತಿತು. ಮೊದಲು ಅವಳು ಟೀವಿ ಬಂದ್ ಮಾಡಿಕೊಂಡು ಎಲ್ಲ ಬರೆದು, ಮುಗಿದ ಮೇಲೆ ಹಚ್ಚುತ್ತಿದ್ದಳು. ಈಗ ಟೀವಿಯ ಬಟನ್ ಅವಳ ಕೈಗೆ ಎಟುಕುವಂತಿರಲಿಲ್ಲ. ಬರೆಯುವುದು, ತಪ್ಪುವುದು, ಅಳಿಸುವುದು, ಎಲ್ಲವೂ ಊರಿನ ಕಣ್ಣೆದುರೇ ನಡೆಯಬೇಕು. 'ಸೋಯಾ' ಬರೆಯಲು ಹೋಗಿ 'ಸೋಯ' ಎಂದಳು. 'ದೀರ್ಘ ಬಿಟ್ಟಿ ಬೇ!' ಎಂದು ಮುದುಕ ಬಸವಣ್ಣೆಪ್ಪ ಕೂಗಿದ. ಎಲ್ಲರೂ ನಕ್ಕರು. ಅವಳ ಕಿವಿ ಬಿಸಿಯಾಯಿತು. ಆದರೂ ದೀರ್ಘ ಹಾಕಿ ಮುಂದೆ ಬರೆದಳು.

ಹೀಗೆ ಒಂದು ವಾರ ನಡೆಯಿತು. ಹೇಮಂತ ಬೆಳಿಗ್ಗೆ ತಡವಾಗಿ ಬಂದು ಕುರ್ಚಿಯಲ್ಲಿ ಕೂರುತ್ತಿದ್ದ. ಮಾಡಲು ಕೆಲಸವಿಲ್ಲದೆ, ಮಧ್ಯಾಹ್ನವಾದರೆ ಕಂಪ್ಯೂಟರಿನಲ್ಲಿ ಕ್ರಿಕೆಟ್ ಹಚ್ಚುತ್ತಿದ್ದ. ಪಡಸಾಲೆ ತುಂಬುತ್ತಿತ್ತು. ಧಾರಣೆ ಬೆಳಿಗ್ಗೆಯೇ ಮುಗಿಯುತ್ತಿದ್ದರಿಂದ ಮುಮತಾಜಳೂ ಸುಮ್ಮನಿದ್ದಳು.

ಒಂದು ಮಧ್ಯಾಹ್ನ, ಸಂಜೆಗೆ ಕಲಘಟಗಿ ಭಾಗದಲ್ಲಿ ಜೋರು ಮಳೆ ಎಂಬ ಹವಾಮಾನ ಇಲಾಖೆಯ ಸಂದೇಶ ಅವಳ ಮೊಬೈಲಿಗೆ ಬಂತು. ಊರ ಕಣಗಳಲ್ಲೆಲ್ಲ ಕೊಯ್ದ ಸೋಯಾಬೀನ್ ಒಣಗಲು ಬಿದ್ದಿತ್ತು. ಲ್ಯಾಪ್‌ಟಾಪ್ ತೆಗೆದರೆ ಅಲ್ಲಿ ಕ್ರಿಕೆಟ್. ಹೇಮಂತನಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಆಟದ ಕಿಟಕಿ ಮುಚ್ಚಿದಳು. ಅವನು ತೆರೆದ. ಮತ್ತೆ ಮುಚ್ಚಿದಳು. ಬಾಣ ಒಂದೇ, ಎಳೆಯುವವರು ಇಬ್ಬರು. ಟೀವಿಯಲ್ಲಿ ಅದು ಮೂಲೆಯಿಂದ ಮೂಲೆಗೆ ಜಗ್ಗಾಡುವುದನ್ನು ಪಡಸಾಲೆಯ ಜನ ಬಾಯಿ ತೆರೆದು ನೋಡಿದರು. ಕೊನೆಗೆ ಅವಳು ದಪ್ಪ ಅಕ್ಷರದಲ್ಲಿ ಬರೆದಳು:

'ಹೇಮಂತ, ಮೌಸ್ ಬಿಡು. ಸಂಜಿಮುಂದ ಮಳಿ ಐತಂತ ಸುದ್ದಿ. ಕಣದಾಗ ಸೋಯಾ ಇದ್ದವರು ಮುಚ್ಚರಿ. ಮುಮತಾಜ್.'

ಬಾಣ ನಿಂತಿತು. ಜನ ಗೊಣಗುತ್ತ ಎದ್ದು ಹೋಗಿ ತಾಡಪತ್ರಿ ಹೊದಿಸಿದರು.

ಆದರೆ ಮಳೆ ಬರಲಿಲ್ಲ. ಒಂದು ಹನಿಯೂ ಬೀಳಲಿಲ್ಲ.

'ಮ್ಯಾಚೂ ಹೋತು, ಮಳಿನೂ ಬರಲಿಲ್ಲ' ಎಂದು ಬಸವಣ್ಣೆಪ್ಪ ಬಸ್‌ಸ್ಟ್ಯಾಂಡಿನ ತನಕ ಸಾರಿದ. ಹಲೀಮಾಬಿಯ ಕಿವಿಗೂ ಬಿತ್ತು.

'ಯಾಕ ಬೇಕವ್ವಾ ಊರ ಮಂದಿ ಉಸಾಬರಿ? ಕಾಲು ನೋಡ್ಕೊ ಸಾಕು.'

'ಅಮ್ಮಾ, ನಾ ಮಳಿ ತರಿಸಾಕಿ ಅಲ್ಲ. ಸುದ್ದಿ ಮುಟ್ಟಸಾಕಿ' ಎಂದಳು ಮುಮತಾಜ್. ಮರುದಿನ ಬೆಳಿಗ್ಗೆ ಧಾರಣೆಯ ಮೇಲೆ ಒಂದು ಸಾಲು ಸೇರಿಸಿದಳು: 'ನಿನ್ನೆ ಮಳಿ ಬರಲಿಲ್ಲ. ಸುದ್ದಿ ಬಂದಿತ್ತು, ಹಾಕಿದ್ದೆ. ಮತ್ತ ಬಂದ್ರ ಮತ್ತ ಹಾಕ್ತೀನಿ.'

ಅದನ್ನು ಓದಿ ಜನ ನಕ್ಕರು. ಅಂದೇ ಮಧ್ಯಾಹ್ನ ಅವಳ ಸಂಪರ್ಕ ಕಡಿದುಹೋಯಿತು. ಎಷ್ಟು ಸಲ ಹಾಕಿದರೂ ಹತ್ತಲಿಲ್ಲ. ಹೇಮಂತ ಆ ತಂತ್ರಾಂಶವನ್ನೇ ತೆಗೆದುಹಾಕಿದ್ದ. ಅಧ್ಯಕ್ಷರಿಗೆ ಫೋನ್ ಮಾಡಿದರೆ, 'ಹೋಗಲಿ ಬಿಡು ತಂಗಿ, ಆರಾಮಾಗಿ ಬಾ' ಎಂದರು.

'ಬಿಡಂಗಿಲ್ರಿ, ಕಾಕಾ' ಎಂದು ಫೋನಿಟ್ಟಳು.

ಹಲೀಮಾಬಿ ಎಷ್ಟು ಬೇಡವೆಂದರೂ ಕೇಳದೆ ಆಟೋ ಕರೆಸಿದಳು. ಕಾಲನ್ನು ಸೀಟಿನ ಉದ್ದಕ್ಕೂ ಚಾಚಿಕೊಂಡು, ದಾರಿಯ ಗುಂಡಿಯೊಂದೊಂದಕ್ಕೂ ಹಲ್ಲು ಕಚ್ಚುತ್ತ ಕಚೇರಿಗೆ ಬಂದಳು. ಗೌರಕ್ಕ ಓಡಿ ಬಂದು ಹೆಗಲು ಕೊಟ್ಟಳು. ಕಾಲು ನೆಲಕ್ಕೆ ಸೋಕದಂತೆ ವಾಕರ್ ಊರಿ ಮುಮತಾಜ್ ಪಡಸಾಲೆಗೆ ಬಂದಾಗ ಅಲ್ಲಿದ್ದವರು ಎದ್ದು ನಿಂತರು. ಅಧ್ಯಕ್ಷರೂ ಒಳಗಿನಿಂದ ಬಂದರು.

'ಯಾಕ ತಗದಿ, ಹೇಮಂತ?' ಎಂದು ಕೇಳಿದಳು. ದನಿ ಏರಿಸಲಿಲ್ಲ.

ಹೇಮಂತ ತಲೆ ತಗ್ಗಿಸಿದ. 'ಅಕ್ಕಾರ, ಎಲ್ಲಾರ ಮುಂದ ನನ್ನ ಹೆಸರ ಬರದ್ರಿ. ಮೌಸ್ ಬಿಡು ಅಂದ್ರಿ. ನಾ ಇಲ್ಲಿ ಯಾಕ ಕುಂತೀನಿ ಅನ್ನೂದ ನನಗ ತಿಳಿಲಿಲ್ಲ. ಮಾವಾರು ಕುಂಡ್ರು ಅಂದ್ರು, ಕುಂತೆ.'

ಮುಮತಾಜ್ ಇದನ್ನು ಯೋಚಿಸಿರಲಿಲ್ಲ.

'ಹೆಸರ ಬರದದ್ದು ನಂದ ತಪ್ಪು. ಇನ್ನ ಬರಿಯಂಗಿಲ್ಲ. ಆದ್ರ ಕೆಲಸ ಬಿಡಂಗಿಲ್ಲ. ಪರದಿ ಮ್ಯಾಲ ನಾ ಬರೀತೀನಿ. ಕಚೇರಿಗೆ ಬರದವರು, ಹೊಲದಾಗ ಇದ್ದವರು ಓದೂದು ಹೆಂಗ? ನೀ ಗಾಡಿ ತಗೊಂಡು ಅವರಿಗೆ ಮುಟ್ಟಸು. ಇದು ಒಬ್ಬರ ಕೆಲಸ ಅಲ್ಲ.'

ಶಂಭುಲಿಂಗಪ್ಪನವರು ಗಂಟಲು ಸರಿಮಾಡಿಕೊಂಡು, 'ಹಂಗ ಆಗಲಿ' ಎಂದರು. ಹೇಮಂತ ಅಲ್ಲೇ ಕುಂತು ತೆಗೆದದ್ದನ್ನು ಮತ್ತೆ ಹಾಕಿದ.

ನಾಲ್ಕೈದು ದಿನಕ್ಕೆ ಮತ್ತೆ ಮಳೆಯ ಸಂದೇಶ ಬಂತು. ಬಿಸಿಲು ಸುಡುತ್ತಿತ್ತು. ಹಿಂದಿನ ಸಲ ಜನ ನಕ್ಕದ್ದು ಮುಮತಾಜಳಿಗೆ ನೆನಪಾಯಿತು. ಆದರೂ ಬರೆದಳು. ಹೇಮಂತ ಬೈಕ್ ಹತ್ತಿ ಕಣದಿಂದ ಕಣಕ್ಕೆ ಕೂಗುತ್ತ ಹೋದ. ಅರ್ಧ ಊರು ಮುಚ್ಚಿತು, ಅರ್ಧ ಊರು ನಕ್ಕಿತು. ಹೊತ್ತು ಇಳಿಯುವಾಗ ಪಶ್ಚಿಮಕ್ಕೆ ಕಪ್ಪು ಮೋಡ ಎದ್ದು, ನೋಡುನೋಡುತ್ತ ಕಣಗಳಲ್ಲಿ ನೀರು ಹರಿಯಿತು.

ಮುಚ್ಚದವರಲ್ಲಿ ಬಸವಣ್ಣೆಪ್ಪನೂ ಒಬ್ಬ. ಮರುದಿನ ಅವನು ಮುಮತಾಜಳ ಮನೆಗೇ ಬಂದ. ತೋಯ್ದ ಸೋಯಾಬೀನಿನ ಚಿಂತೆ ಮುಖದ ಮೇಲಿತ್ತು, ತಪ್ಪೊಪ್ಪಿಗೆ ಮಾತ್ರ ಬಾಯಿಗೆ ಬರಲಿಲ್ಲ.

'ಅಕ್ಷರ ಸಣ್ಣವಾದ್ವು ಬೇ. ನನಗ ಕಾಣಲಿಲ್ಲ.'

'ಹೌದ್ರಿ ಅಜ್ಜಾರ, ಸಣ್ಣವಾದ್ವು' ಎಂದಳು ಮುಮತಾಜ್. ಹಲೀಮಾಬಿ ಅವನಿಗೆ ಚಹಾ ಕೊಟ್ಟಳು. ಮಾರನೇ ದಿನದಿಂದ ಅಕ್ಷರಗಳು ದೊಡ್ಡವಾದವು.

ಕಾಲು ಕೂಡಿಕೊಂಡು ಅವಳು ಕಚೇರಿಗೆ ಮರಳುವ ಹೊತ್ತಿಗೆ ಹತ್ತಿರದ ಬಮ್ಮಿಗಟ್ಟಿ ಊರಿನವರೂ ತಮಗೊಂದು ಪರದೆ ಬೇಕೆಂದರು. ಅಲ್ಲಿಗೆ ಯಾರು ಎಂದು ಅಧ್ಯಕ್ಷರು ಕೇಳಿದಾಗ, ಹೇಮಂತನ ಹೆಸರನ್ನು ಅವಳೇ ಹೇಳಿದಳು. ಈಗ ಅವನು ಅಲ್ಲಿ ಬರೆಯುತ್ತಾನೆ, ತೊಡಕಾದರೆ ಇವಳು ಇಲ್ಲಿಂದ ಕೈ ಹಾಕುತ್ತಾಳೆ. ಚಳಿ ಹೆಚ್ಚಾದ ದಿನ ರಾಡ್ ಹಾಕಿದ ಜಾಗ ಇನ್ನೂ ನೋಯುತ್ತದೆ. ಅಂಥ ದಿನ ಅವಳು ಮನೆಯಲ್ಲೇ ಕೂತು ಎರಡೂ ಊರಿನ ಧಾರಣೆ ಹಾಕುತ್ತಾಳೆ. ಅದಕ್ಕಾಗಿ ಈಗ ಯಾರನ್ನೂ ಕೇಳುವುದಿಲ್ಲ, ಒಂದು ಮಾತು ಹೇಳಿ ಮಾಡುತ್ತಾಳೆ.