ರತ್ನಳ ಮುಖಕ್ಕೆ ಇಟ್ಟ ಬೆಳಕು

2004ರ ಬೇಸಿಗೆ. ತಮಿಳುನಾಡು ಗಡಿಯ ಹೊಸೂರು ಬಸ್ ನಿಲ್ದಾಣದ ಹಿಂದೆ ನನ್ನದೊಂದು ವಿಡಿಯೋ ಸ್ಟುಡಿಯೋ ಇತ್ತು. ನಾನು ತಿಪಟೂರಿನವನು. ಸಿನಿಮಾ ಯೂನಿಟ್‌ಗಳಲ್ಲಿ ವರ್ಷಗಟ್ಟಲೆ ಕ್ಯಾಮೆರಾ ಸಹಾಯಕನಾಗಿ ದುಡಿದು, ಹೆಂಡತಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಅವಳ ಹಿಂದೆ ಬಂದವನು. ಸಿನಿಮಾದವನು ಮದುವೆ ವಿಡಿಯೋಗೆ ಇಳಿದ ಎಂದು ನಕ್ಕವರಿದ್ದರು. ನಗಲಿ, ನನ್ನ ಗಂಟೇನು ಹೋಯಿತು? ಮುಖಕ್ಕೆ ಬೆಳಕು ಇಡುವ ವಿದ್ಯೆ ಎಲ್ಲಿದ್ದರೂ ಒಂದೇ.

ಇಲ್ಲಿನ ಪದ್ಧತಿ ಮಾತ್ರ ನನ್ನ ಮೈ ಉರಿಸುತ್ತಿತ್ತು. ಮದುವಣಗಿತ್ತಿ ಕಪ್ಪಗಿದ್ದರೆ ಸಾವಿರ ವ್ಯಾಟ್‌ನ ಲೈಟನ್ನು ನೇರ ಮುಖಕ್ಕೇ ಹಿಡಿಯುವುದು. ಸಾಲದೆಂದು ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕನ್ನೂ ಏರಿಸುವುದು. ಟಿವಿಯಲ್ಲಿ ನೋಡಿದರೆ ಎರಡು ಕಣ್ಣು, ಒಂದು ಕುಂಕುಮ. ಮಿಕ್ಕದ್ದೆಲ್ಲ ಹಿಟ್ಟು ಬಳಿದ ಹಾಗೆ. ಅದನ್ನೇ ಜನ ಕ್ಲಿಯರ್ ಆಗಿದೆ ಎಂದು ಮೆಚ್ಚುತ್ತಿದ್ದರು.

ಆ ಬೇಸಿಗೆಯಲ್ಲಿ ಕೆಲಮಂಗಲದ ಒಂದು ಮದುವೆ ಒಪ್ಪಿಕೊಂಡೆ. ಗಂಡಿನ ಸೋದರಮಾವ ಮುನಿರಾಜಪ್ಪ ಮದುವೆ ನಡೆದ ಕಲ್ಯಾಣ ಮಂಟಪದ ಯಜಮಾನ. ನನಗೆ ಬರುತ್ತಿದ್ದ ಕೆಲಸದಲ್ಲಿ ಹೆಚ್ಚಿನದು ಆತನ ಮಾತಿನಿಂದಲೇ ಬರುತ್ತಿತ್ತು. ಹೆಣ್ಣು ರತ್ನ, ಗುಮ್ಮಳಾಪುರದ ಬೇಸಾಯದ ಮನೆಯವಳು. ಎಣ್ಣೆಗಪ್ಪು ಬಣ್ಣ, ಅಗಲ ಹಣೆ. ಮುಹೂರ್ತಕ್ಕೆ ಮೊದಲು ಮುನಿರಾಜಪ್ಪ ನನ್ನನ್ನು ಪಕ್ಕಕ್ಕೆ ಕರೆದ.

"ನೋಡಯ್ಯಾ, ಲೈಟು ಚೆನ್ನಾಗ್ ಬುಡು. ಹುಡ್ಗಿ ಬೆಳ್ಳಗ್ ಕಾಣ್ಬೇಕು. ನಾಳೆ ಕ್ಯಾಸೆಟ್ ನೋಡಿ ನೆಂಟ್ರು ಆಡ್ಕೊಬಾರ್ದು."

ನಾನು ಲೈಟು ಎತ್ತಿಕೊಂಡು ಹಸೆಯ ಬಳಿಗೆ ಹೋದೆ. ವಧುವರರ ನಡುವೆ ಅಂತರಪಟವೆಂದು ಬಿಳಿ ಪಂಚೆ ಹಿಡಿದರು. ಲೈಟನ್ನು ಹುಡುಗಿಯ ಮುಖದಿಂದ ತಿರುಗಿಸಿ ಆ ಪಂಚೆಗೆ ಬಿಟ್ಟೆ. ಸಿನಿಮಾದವರು ಇದಕ್ಕೆ ಬೌನ್ಸ್ ಅನ್ನುತ್ತಾರೆ. ಬೆಳಕು ಬಟ್ಟೆಗೆ ಬಡಿದು, ಮೆತ್ತಗಾಗಿ ಮುಖಕ್ಕೆ ಮರಳುತ್ತದೆ. ರತ್ನಳ ಕಪ್ಪು ಕೆನ್ನೆ ಹೊಳೆಯಿತು. ಮೂಗುತಿ, ಹಣೆಯ ಬೆವರು, ನಗು ತಡೆಯಲು ಕಚ್ಚಿಕೊಂಡ ತುಟಿ, ಎಲ್ಲವೂ ಇದ್ದದ್ದು ಇದ್ದ ಹಾಗೆ ಟೇಪಿಗೆ ಇಳಿದವು. ಎಷ್ಟು ಚೆಲುವೆ ಅವಳು! ಪಟ ಸರಿದು ಜೀರಿಗೆ ಬೆಲ್ಲ ತಲೆ ಮೇಲೆ ಬಿದ್ದಾಗ ಲೈಟನ್ನು ಪಕ್ಕದ ಬಿಳಿ ಗೋಡೆಗೆ ತಿರುಗಿಸಿ ಶೂಟಿಂಗ್ ಮುಗಿಸಿದೆ.

ಕ್ಯಾಸೆಟ್ ನೋಡಲು ಮುನಿರಾಜಪ್ಪ ಹೊಸ ಜೋಡಿಯನ್ನೂ ಕರೆದುಕೊಂಡು ಸ್ಟುಡಿಯೋಗೆ ಬಂದ. ಸ್ವಲ್ಪ ನೋಡಿದ್ದೇ ತಡ, ಆತನ ಮುಖ ಗಂಟಿಕ್ಕಿತು.

"ಏನಯ್ಯಾ ಇದು? ನಾನ್ ಏನ್ ಹೇಳಿದ್ದೆ, ನೀನ್ ಏನ್ ಮಾಡಿದ್ದೀಯ? ಕಂಪ್ಯೂಟರ್‌ನಾಗೆ ಬೆಳ್ಳಗ್ ಮಾಡ್ಕೊಡು. ಆಗಲ್ಲ ಅಂದ್ರೆ ನಮ್ ಮಂಟಪದ ಮೆಟ್ಲು ಹತ್ಬೇಡ."

"ನನಗೆ ಮಾಡೋಕೆ ಬರುತ್ತೆ ಸಾರ್, ಆದ್ರೆ ಮಾಡಲ್ಲ" ಅಂದೆ. "ಬೇಕು ಅಂತ ಆ ಹುಡುಗೀನೇ ಹೇಳ್ಲಿ."

ಮದುಮಗ ತಲೆ ತಗ್ಗಿಸಿದ. ರತ್ನ ಮಾತ್ರ ಟಿವಿಯಿಂದ ಕಣ್ಣು ಕಿತ್ತಿರಲಿಲ್ಲ. ಹೊಸ ಸೊಸೆ, ಹಿರಿಯರ ಎದುರು ಏನು ತಾನೇ ಹೇಳಿಯಾಳು?

"ಮಾವ, ನಾನ್ ಇರೋದೇ ಹಿಂಗೆ" ಅಂದಳು. "ಬೆಳ್ಳಗ್ ಮಾಡ್ಬುಟ್ರೆ, ಇವ್ರು ತಾಳಿ ಕಟ್ಟಿದ್ದು ಯಾರಿಗೆ ಅಂತ ನೆಂಟ್ರಿಗೆ ಹೇಳ್ತೀರಾ?"

ಮದುಮಗ ಫಕ್ಕನೆ ನಕ್ಕುಬಿಟ್ಟ. ಎದ್ದು ಬಂದು, "ಇಂಗೇ ಕೊಡಣ್ಣ" ಎಂದು ಕೈ ಚಾಚಿದ.

ಮುನಿರಾಜಪ್ಪ ಆಡಿದ ಮಾತಿಗೆ ತಪ್ಪಲಿಲ್ಲ. ಆ ಮಂಟಪದಿಂದ ನನಗೆ ಮತ್ತೆ ಕರೆ ಬರಲಿಲ್ಲ. ಆ ವರ್ಷ ಮನೆ ನಡೆದದ್ದು ಹೆಂಡತಿಯ ಸಂಬಳದಲ್ಲಿ. ನಾನು ದೂರದ ನಾಟ್ರಾಂಪಾಳ್ಯದವರೆಗೂ ಬಸ್ಸಿನಲ್ಲಿ ಲೈಟು ಹೊತ್ತು ಹೋಗಿ, ಮನೆಯ ಮುಂದಿನ ಚಪ್ಪರದ ಮದುವೆಗಳನ್ನು ತೆಗೆದೆ. ಕಷ್ಟವಾಯಿತು, ನಿಜ. ಆದರೂ ಒಂದು ಮುಖಕ್ಕೂ ಹಿಟ್ಟು ಬಳಿಯಲಿಲ್ಲ.

ಈ ಕಸುಬು ನನಗೆ ಕಲಿಸಿದ್ದು ಇಷ್ಟೇ. ಕೆಲಸ ಕೊಟ್ಟವನು ಕ್ಯಾಮೆರಾ ಎಲ್ಲಿಡಬೇಕೆಂದು ಹೇಳಬಹುದು, ಕೇಳುತ್ತೇನೆ. ಒಬ್ಬಳ ಮುಖ ಹೇಗಿರಬೇಕೆಂದು ಹೇಳುವ ಹಕ್ಕು ಅವನಿಗಿಲ್ಲ. ನನಗೂ ಇಲ್ಲ.